ಕಳ್ಳ ಬಂದೀನ್ರೀ

...ಅಥವಾ ಅದು ವಾರ್ನಿಷ್ ವಾಸನೆ ಆಗಿರಲೇ ಇಲ್ಲವೇನೋ. ಮೊನ್ನೆ ಪೀಣ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಒಳಗೆ ಬಂದದ್ದು ಸುಟ್ಟ ರಬ್ಬರಿನದೋ, ಬಿಸಿ ಎಣ್ಣೆಯದೋ ಇದ್ದೀತು. ನನಗೆ ಮಾತ್ರ ಅದು ಮೋಟರಿನ ತಂತಿಗೆ ಸುರಿಯುವ ವಾರ್ನಿಷ್ ಅನ್ನಿಸಿತು. ಅನ್ನಿಸಿದ್ದೇ ತಡ, ನಾನು ಚಿಕ್ಕವಳಿದ್ದಾಗ ಬಾಗಲಗುಂಟೆಯ ನಮ್ಮ ವಠಾರದ ಮೂಲೆ ರೂಮಿನಲ್ಲಿದ್ದ ವೈಂಡಿಂಗ್ ಅಂಕಲ್ ಕಣ್ಣ ಮುಂದೆ ತಮ್ಮ ಹೊಸ್ತಿಲ ಮೇಲೆ ಬಂದು ಕೂತರು.

ವಿಜಾಪುರದ ಕಡೆಯವರು. ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವರ ಕೆಲಸ. ನನ್ನ ನೆನಪಿನಲ್ಲಿ ಅವರ ಬೆರಳುಗಳ ನಡುವೆ ತಾಮ್ರದ ತಂತಿ ಹರಿಯುತ್ತಲೇ ಇರುತ್ತದೆ, ಬಿಸಿಲೂ ಅದರ ಜೊತೆಗೇ ಸುತ್ತಿಕೊಳ್ಳುತ್ತದೆ... ಆದರೆ ಆ ಕೆಲಸವೆಲ್ಲ ನಡೆಯುತ್ತಿದ್ದದ್ದು ಅವರು ದುಡಿಯುತ್ತಿದ್ದ ವರ್ಕ್‌ಶಾಪಿನ ಶೆಡ್ಡಿನಲ್ಲಿ. ನಾನು ಅದನ್ನು ನೋಡಿರುವುದು ಸಾಧ್ಯವೇ ಇಲ್ಲ. ಈ ಚಿತ್ರ ಎಲ್ಲಿಂದ ಬಂತೋ.

ನಡೆದದ್ದು ಹೀಗೆ ಅಂದುಕೊಂಡಿದ್ದೇನೆ. ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ. ಹೋಗಿ ನೋಡಿದರೆ ಸಂಪಿನ ಪಕ್ಕದಲ್ಲಿದ್ದ, ನೀರೆತ್ತುವ ಮೋಟರೇ ಇಲ್ಲ. ಕೊಡ ಹಿಡಿದು ನಿಂತಿದ್ದ ನಮ್ಮೆಲ್ಲರ ಮುಂದೆ ಓನರಮ್ಮ, "ಇಷ್ಟು ನೀಟಾಗಿ ಬಿಚ್ಚೋಕೆ ಇಲ್ಲಿ ಯಾರಿಗ್ರೀ ಬರುತ್ತೆ?" ಅಂದರು. ಯಾರ ಹೆಸರನ್ನೂ ಹೇಳಲಿಲ್ಲ. ಎಲ್ಲರೂ ಮೂಲೆ ರೂಮಿನ ಕಡೆ ತಿರುಗಿದೆವು.

"ನಟ್ ಬಿಚ್ಚಾಕ ಪಾನಾ ಇದ್ರ ಸಾಕ್ರೀ ಅಕ್ಕಾರ, ವೈಂಡಿಂಗ್ ಯಾಕ ಬರಬೇಕು?" ಅಂದು ವೈಂಡಿಂಗ್ ಅಂಕಲ್ ನಕ್ಕರು. ಬೇರೆ ಯಾರೂ ನಗಲಿಲ್ಲ.

ಪೊಲೀಸರು ಬರಲಿಲ್ಲ. ರೂಮು ಬಿಡಿ ಅಂತಲೂ ಯಾರೂ ಹೇಳಲಿಲ್ಲ. ನಮ್ಮಲ್ಲಿ ಶಿಫ್ಟಿಗೆ ಹೋಗುವವರು ಬೀಗದ ಕೈಯನ್ನು ಮೀಟರ್ ಬಾಕ್ಸಿನ ಮೇಲೆ ಇಟ್ಟು ಹೋಗುತ್ತಿದ್ದರು. ಆ ಕೀಗಳು ಒಂದೊಂದಾಗಿ ಅಲ್ಲಿಂದ ಮಾಯವಾದವು. ಅಂಕಲ್‌ದು ಮಾತ್ರ ಉಳಿಯಿತು.

ಆಮೇಲೆ ಅವರು ಕೆಲಸದಿಂದ ಬಂದಾಗಲೆಲ್ಲ ಗೇಟಿನಲ್ಲೇ ನಿಂತು ಕೂಗುತ್ತಿದ್ದರು: "ಕಳ್ಳ ಬಂದೀನ್ರೀ! ಕೊಡಾ ಒಳಗಿಟ್ಕೊಳ್ರಿ!" ಮೊದಮೊದಲು ಮಕ್ಕಳು ನಗುತ್ತಿದ್ದರು. ಕೊನೆಕೊನೆಗೆ ಅದು ಸೊಪ್ಪು ಮಾರುವವರ ಕೂಗಿನ ಹಾಗೆ ಅರ್ಥ ಸವೆದು, ಬರೀ ರಾಗವಾಗಿ, ಸಂಜೆಯ ಒಂದು ಭಾಗವೇ ಆಗಿಬಿಟ್ಟಿತು...

ನಮ್ಮಮ್ಮ ಒಂದು ದಿನ ಎಲ್ಲರಿಗೂ ಕೇಳಲಿ ಅಂತಲೇ ಗಟ್ಟಿಯಾಗಿ, "ಅಣ್ಣಾ, ನಮ್ಮ ಮಿಕ್ಸಿ ಯಾಕೋ ಓಡ್ತಿಲ್ಲ, ಸ್ವಲ್ಪ ನೋಡ್ಕೊಡಿ" ಅಂದರು.

"ನನಗ ಕೊಡ್ತೀರಿ?"

"ಇನ್ಯಾರಿಗ್ ಕೊಡ್ಲಿ?"

ಅವರು ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋದರು. ಕೆಲವೇ ದಿನಗಳಲ್ಲಿ ಮೂಲೆ ರೂಮು ಖಾಲಿಯಾಗಿತ್ತು. ಕೀ ಮೀಟರ್ ಬಾಕ್ಸಿನ ಮೇಲಿತ್ತು. ಮಿಕ್ಸಿ ಇರಲಿಲ್ಲ.

"ನಾನ್ ಹೇಳ್ಲಿಲ್ವಾ?" ಅಂದರು ಓನರಮ್ಮ. ಅವರು ಯಾರ ಹೆಸರನ್ನೂ ಹೇಳಿರಲಿಲ್ಲ. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನೀಗ ಸಮಾಜಶಾಸ್ತ್ರ ಕಲಿಸುತ್ತೇನೆ. ಅಪರಾಧದ ಪಾಠದಲ್ಲಿ ಬಡತನ, ವಲಸೆ, ಸಹವಾಸ, ಸಮಾಜ ಹಚ್ಚುವ ಹಣೆಪಟ್ಟಿ ಎಲ್ಲ ಇವೆ. ವೈಂಡಿಂಗ್ ಅಂಕಲ್ ಎಲ್ಲದಕ್ಕೂ ಸರಾಗವಾಗಿ ಹೊಂದುತ್ತಾರೆ. ಅಷ್ಟು ಸರಾಗವಾಗಿ ಹೊಂದುವುದೇ ನನಗೆ ಅನುಮಾನ. ಹೊಂದಲೆಂದೇ ನೆನಪನ್ನು ನಾನು ಅಲ್ಲಲ್ಲಿ ಒತ್ತಿ ಬಗ್ಗಿಸಿದ್ದೇನೆಯೇ? ಈ ವಾರ ಕ್ಲಾಸಿನಲ್ಲಿ ಅವರ ಕತೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮೇಡಂ, ಹಂಗಾದ್ರೆ ಅವ್ರು ಕಳ್ಳನೋ, ಅಲ್ವೋ? ಎಕ್ಸಾಮಲ್ಲಿ ಏನಂತ ಬರೀಲಿ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ವಠಾರವನ್ನು ಕೆಡವಿ ಪಿ.ಜಿ. ಕಟ್ಟಿದ್ದಾರೆ. ಆ ಮೋಟರನ್ನು ಯಾರು ಒಯ್ದರೋ ಕೊನೆಗೂ ತಿಳಿಯಲಿಲ್ಲ. ಮಿಕ್ಸಿಯನ್ನು ಅವರು ಕದ್ದರೋ, ರಿಪೇರಿಗೆಂದು ಶೆಡ್ಡಿಗೆ ಒಯ್ದದ್ದು ಅಲ್ಲೇ ಉಳಿಯಿತೋ, ಇಲ್ಲಾ ನಾವು ಕೊಟ್ಟ ಕಳ್ಳನೆಂಬ ಹೆಸರಿಗೆ ತಕ್ಕಂತೆ ಏನಾದರೊಂದನ್ನು ಒಯ್ಯಲೇಬೇಕು ಅಂದುಕೊಂಡರೋ... ಕೇಳೋಣವೆಂದರೆ ಅವರು ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ.