ಅಕ್ಕನ ಮದುವೆ ಫೋಟೋದ ಕುಂಕುಮ

ಶಕುನ, ಸೂಚನೆ, ಸತ್ತವರು ಕನಸಿನಲ್ಲಿ ಬಂದು ಹೇಳಿದರು ಎನ್ನುವಂಥ ಮಾತುಗಳನ್ನು ನಾನು ಎಂದೂ ನಂಬಿದವನಲ್ಲ. ಬೆಕ್ಕು ಅಡ್ಡ ಬಂತೆಂದು ಮನೆಯವರು ನಿಂತರೆ, ಅದಕ್ಕೂ ಏನೋ ಕೆಲಸವಿರುತ್ತದೆ ನಡೀರಿ ಎಂದು ರೇಗಿಸುತ್ತಿದ್ದೆ. ಫೋಟೋ ತೆಗೆಯುವವರಿಗೆ ಈ ವಿಷಯದಲ್ಲಿ ಕೊಂಚ ಜಂಬವೂ ಇರುತ್ತದೆ. ದೆವ್ವ ಮೂಡಿದೆ ಎಂದು ಜನ ತಂದು ತೋರಿಸುವ ಫೋಟೋಗಳಲ್ಲಿ ಇರುವುದು ರೀಲಿಗೆ ಬೆಳಕು ಹೊಕ್ಕ ಕಲೆ ಎಂದು ನಮಗೆ ಗೊತ್ತು. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ನೀವು ನಕ್ಕರೆ ನನಗೇನೂ ಬೇಜಾರಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಹೊಳೆನರಸೀಪುರದ ನನ್ನ ಸಣ್ಣ ಸ್ಟುಡಿಯೋಗೆ ಕಂಪ್ಯೂಟರ್ ಮತ್ತು ಸ್ಕ್ಯಾನರ್ ಬಂದು ವರ್ಷವಾಗಿತ್ತು. ಹಾಸನಕ್ಕೆ ಮೂರು ತಿಂಗಳು ಬಸ್ಸಿನಲ್ಲಿ ಓಡಾಡಿ ಕೆಲಸ ಕಲಿತಿದ್ದೆ. ಆಗ ನನಗೆ ಹೆಚ್ಚಾಗಿ ಬರುತ್ತಿದ್ದದ್ದು ಕಲರ್ ಫೋಟೋವನ್ನು ಕಪ್ಪು ಬಿಳುಪು ಮಾಡಿಕೊಡುವ ಕೆಲಸ. ಕೇಳಿದವರಿಗೆ ಇದೆಂಥ ಉಲ್ಟಾ ಕೆಲಸ ಅನ್ನಿಸಬಹುದು. ಆದರೆ ತೊಂಬತ್ತರ ಆಸುಪಾಸಿನ ಎಷ್ಟೋ ಕಲರ್ ಫೋಟೋಗಳು ಹತ್ತು ವರ್ಷಕ್ಕೇ ಕೆಂಪಗೆ ತಿರುಗಿಬಿಟ್ಟಿದ್ದವು. ಅದೇ ಮನೆಯ ಗೋಡೆಯಲ್ಲಿ ಅಜ್ಜಿ ತಾತಂದಿರ ಕಪ್ಪು ಬಿಳುಪಿನ ಫೋಟೋ ಮಾತ್ರ ಹಾಗೇ ಇರುತ್ತಿತ್ತು.

ಈ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ಕಂಪ್ಯೂಟರ್ ಕಲರ್ ಫೋಟೋವನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪದರ ಮಾಡಿ ಇಟ್ಟುಕೊಂಡಿರುತ್ತದೆ. ಅದರಲ್ಲಿ ಒಂದನ್ನು ಉಳಿಸಿಕೊಂಡರೆ ಕಪ್ಪು ಬಿಳುಪು ಫೋಟೋ ಸಿಗುತ್ತದೆ. ಕೆಂಪು ಪದರ ಉಳಿಸಿಕೊಂಡರೆ ಮುಖ ಬೆಳ್ಳಗೆ ಬರುತ್ತದೆ, ಗಿರಾಕಿಗೂ ಖುಷಿ. ಆದರೆ ಅದರಲ್ಲಿ ಕೆಂಪು ಬಣ್ಣವೆಲ್ಲ ಬಿಳಿಚಿಕೊಂಡು, ಹಣೆಯ ಕುಂಕುಮ ಮಾಯವಾಗುತ್ತದೆ. ಕೆಲಸ ಕಲಿತ ಹೊಸದರಲ್ಲಿ ನಾನು ಈ ತಪ್ಪು ಮಾಡಿ, "ನಮ್ಮವ್ವ ಮುತ್ತೈದೆಯಾಗಿ ಓದೋಳು ಸಾ, ಬೋಳು ಹಣೆ ಮಾಡಿ ಕೊಟ್ಟಿದ್ದೀರಲ್ಲ" ಎಂದು ಒಬ್ಬರಿಂದ ಚೆನ್ನಾಗಿ ಅನ್ನಿಸಿಕೊಂಡಿದ್ದೆ. ಅಂದಿನಿಂದ ಹೆಂಗಸರ ಫೋಟೋ ಬಂದರೆ ಹಸಿರು ಪದರವನ್ನೇ ಉಳಿಸುತ್ತಿದ್ದೆ. ಅದರಲ್ಲಿ ಕುಂಕುಮ ಕಪ್ಪಗೆ, ಸ್ಪಷ್ಟವಾಗಿ ನಿಲ್ಲುತ್ತದೆ.

ನನ್ನ ಅಕ್ಕನನ್ನು ಅರಕಲಗೂಡಿನ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಬಾವನಿಗೆ ಹೊಗೆಸೊಪ್ಪು, ಶುಂಠಿ ಬೆಳೆ, ಜೊತೆಗೊಂದು ಟೆಂಪೋ. ಒಮ್ಮೆ ಬಂದಾಗ ಅಕ್ಕ ತನ್ನ ಮದುವೆ ಫೋಟೋ ಸೆರಗಿನಡಿಯಿಂದ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ನಮ್ಮತ್ತೆ ಮದ್ವೆ ಪೋಟೋ ಇನ್ನೂ ಎಂಗೈತೆ ಗೊತ್ತೇನ್ಲಾ? ನಮ್ದು ನೋಡು, ಓಕ್ಳಿ ಆಡ್ಬಂದಂಗೈತೆ. ನಮ್ದೂ ಕರಿ ಬಿಳುಪು ಮಾಡ್ಕೊಡು. ಮೊಕ ಮಾತ್ರ ಬೆಳ್ಳಗೆ ಮಾಡ್ಬೇಡ ಕಣ್ಲಾ, ಆಮೇಲೆ ನಿಮ್ಮ ಬಾವ ಇವ್ಳ್ಯಾವಳು ಅಂತಾರೆ."

ಮನೆಯವರ ಕೆಲಸವಲ್ಲವೇ, ನಾನು ತಿಂಗಳುಗಟ್ಟಲೆ ಮುಂದೆ ಹಾಕಿದೆ. ಕೊನೆಗೊಂದು ಸಂಜೆ ಅಕ್ಕನೇ ಫೋನ್ ಮಾಡಿದಳು. ಮರುದಿನ ಬಾವ ಶುಂಠಿ ತುಂಬಿಕೊಂಡು ಹಾಸನಕ್ಕೆ ಹೋಗುವವರಿದ್ದರು, ಸುತ್ತಾದರೂ ಬರುವಾಗ ನನ್ನ ಅಂಗಡಿಗೆ ಬಂದು ಫೋಟೋ ಒಯ್ಯುತ್ತಾರೆ ಎಂದಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿ ತೆಗೆದವನೇ ಆ ಕೆಲಸಕ್ಕೆ ಕುಳಿತೆ. ಬಾಸಿಂಗ ಬಿಚ್ಚಿದ ಮೇಲೆ ತೆಗೆದ ಫೋಟೋ. ಅಕ್ಕ, ಬಾವ, ಪಕ್ಕದಲ್ಲಿ ಕಳಶ ಹಿಡಿದ ನಮ್ಮ ಚಿಕ್ಕಮ್ಮನ ಮಗಳು. ಮೂವರ ಹಣೆಯಲ್ಲೂ ಕುಂಕುಮ ಇತ್ತು. ಸ್ಕ್ಯಾನ್ ಮಾಡಿ ಹಸಿರು ಪದರ ಉಳಿಸಿಕೊಂಡೆ. ಬಾವನ ಹಣೆಯ ಕುಂಕುಮ ಕಪ್ಪಗೆ ಬಂತು. ಚಿಕ್ಕಮ್ಮನ ಮಗಳದೂ ಬಂತು. ಅಕ್ಕನ ಹಣೆ ಬರಿದಾಗಿತ್ತು.

ನಾನು ಗಾಬರಿಯಾಗಲಿಲ್ಲ, ಕೈ ತಪ್ಪಿರಬೇಕು ಎಂದುಕೊಂಡೆ. ಹಿಂದಕ್ಕೆ ಹೋಗಿ ಕಲರಿನಲ್ಲಿ ನೋಡಿದರೆ ಅಕ್ಕನ ಹಣೆಯಲ್ಲಿ ಕಾಸಿನಗಲ ಕುಂಕುಮ ಇದೆ. ಮತ್ತೆ ಹಸಿರು ಪದರಕ್ಕೆ ಬಂದರೆ ಇಲ್ಲ. ಸ್ಕ್ಯಾನರಿನ ಗಾಜು ಒರೆಸಿ ಮತ್ತೊಮ್ಮೆ ಸ್ಕ್ಯಾನ್ ಮಾಡಿದೆ. ಅವಳ ಕೆಂಪು ಸೀರೆ ಕಪ್ಪಗಿದೆ, ತುಟಿ ಕಪ್ಪಗಿದೆ, ಕುಂಕುಮ ಒಂದೇ ಇಲ್ಲ. ಒಂದೇ ಫೋಟೋದಲ್ಲಿ, ಒಂದೇ ಪದರದಲ್ಲಿ, ಒಬ್ಬಳ ಕುಂಕುಮ ಮಾತ್ರ ಹೋಗಲು ಸಾಧ್ಯವೇ ಇಲ್ಲ. ನನ್ನ ಕಣ್ಣನ್ನೇ ನಂಬದೆ ಪಕ್ಕದಂಗಡಿಯ ಟೈಲರನ್ನು ಕರೆದು, ಏನೂ ಹೇಳದೆ ಪರದೆ ತೋರಿಸಿದೆ.

"ಇದೇನ್ ಸಾ, ಮದ್ವೆ ಎಣ್ಣಿಗೇ ಕುಂಕುಮ ಇಡೋದ್ ಮರ್ತವ್ರೆ" ಎಂದು ಅವರು ಹೊರಟುಹೋದರು.

ಹೆಣ್ಣಿನ ಹಣೆಯಿಂದ ಕುಂಕುಮ ಹೋದರೆ ಏನರ್ಥ ಎಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಾವ ಭಾರ ತುಂಬಿದ ಟೆಂಪೋ ಓಡಿಸುತ್ತ ರಸ್ತೆಯಲ್ಲಿದ್ದಾರೆ. ಬೆಕ್ಕನ್ನು ನೋಡಿ ನಗುತ್ತಿದ್ದ ನಾನು, ಬಾವನಿಗೆ ಏನೂ ಆಗದಿರಲಪ್ಪ, ಅಕ್ಕನ ಕುಂಕುಮ ಉಳಿಸಪ್ಪ ಎಂದು ಮನೆದೇವರಿಗೆ ಹರಕೆ ಹೊತ್ತೆ. ಅಕ್ಕನ ಮನೆಗೆ ಫೋನ್ ಮಾಡಿದೆ. ಎಷ್ಟು ಹೊತ್ತು ಹೊಡೆದುಕೊಂಡರೂ ಯಾರೂ ಎತ್ತಲಿಲ್ಲ. ನಾಲ್ಕು ಸಲ ಮಾಡಿದೆ.

ಹನ್ನೊಂದೂವರೆಯ ಹೊತ್ತಿಗೆ ಅಂಗಡಿಯ ಫೋನ್ ಹೊಡೆದುಕೊಂಡಿತು. ಎತ್ತಿದರೆ ಬಾವನ ದನಿ.

"ಬಾವ, ನೀವು ಚೆನ್ನಾಗಿದೀರಾ? ನಿಮಗೇನೂ ಆಗಿಲ್ಲ ತಾನೆ?" ಎಂದೆ.

"ನನಗೇನಾಗೈತಪ್ಪ, ಚೆನ್ನಾಗಿವ್ನಿ."

ಹೋದ ಜೀವ ಬಂದಂತಾಯಿತು. "ಸದ್ಯ, ಬಾವ, ಸದ್ಯ" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ನಕ್ಕೆ ಅಂತಲೂ ಕಾಣುತ್ತದೆ.

"ನಿಮ್ಮಕ್ಕ ಓಗ್ಬುಟ್ಲು ಕಣಪ್ಪ" ಎಂದರು ಬಾವ.

ಬಾವ ಹಾಸನಕ್ಕೆ ಹೊರಟೇ ಇರಲಿಲ್ಲ. ಟೆಂಪೋಗೆ ಶುಂಠಿ ತುಂಬುತ್ತಿದ್ದಾಗ ಹಿತ್ತಲಿನ ತೊಟ್ಟಿಯ ಹತ್ತಿರ ಅಕ್ಕ ಕುಸಿದುಬಿದ್ದಿದ್ದಳು. ಅದೇ ಮೂಟೆಗಳ ನಡುವೆ ಮಲಗಿಸಿಕೊಂಡು ಅರಕಲಗೂಡಿಗೆ ಓಡಿಸಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅವಳಿಗಿನ್ನೂ ನಲವತ್ತೂ ತುಂಬಿರಲಿಲ್ಲ. ನಾನು ಹೋಗುವ ಹೊತ್ತಿಗೆ ಹೆಂಗಸರು ಅರಿಶಿನ ಹಚ್ಚಿ, ಹೂ ಮುಡಿಸಿ, ಹಣೆ ತುಂಬ ಕುಂಕುಮ ಇಟ್ಟು ಕೂರಿಸಿದ್ದರು. ನಾನು ಆ ಹಣೆಯನ್ನು ನೋಡಲಾರದೆ ಹೊರಗೆ ಬಂದು ಕುಳಿತುಬಿಟ್ಟೆ.

ಹನ್ನೊಂದನೇ ದಿನಕ್ಕೆ ಫೋಟೋ ಬೇಕಾಯಿತು. ಅಂಗಡಿಗೆ ಬಂದು ಅದೇ ಫೈಲ್ ತೆಗೆದು ಹಸಿರು ಪದರ ಉಳಿಸಿಕೊಂಡೆ. ಅಕ್ಕನ ಹಣೆಯಲ್ಲಿ ಕುಂಕುಮ ದುಂಡಗೆ, ಕಪ್ಪಗೆ ಇತ್ತು. ದೇವರಾಣೆಗೂ ನಾನು ಅದನ್ನು ತಿದ್ದಿರಲಿಲ್ಲ. ಟೈಲರನ್ನು ಮತ್ತೆ ಕರೆದೆ. ಅವರು ಬಗ್ಗಿ ನೋಡಿ, "ಅವತ್ತು ಇರ್ಲಿಲ್ಲ ಸಾ" ಎಂದಷ್ಟೇ ಹೇಳಿ ಹೋದರು. ಆಮೇಲೆ ಆ ಮಾತೆತ್ತಲೇ ಇಲ್ಲ.

ಕಂಪ್ಯೂಟರಿನ ದೋಷವೆಂದರೆ ನಮ್ಮಿಬ್ಬರ ಕಣ್ಣಿಗೆ ಅದೊಂದೇ ಕಡೆ ಯಾಕೆ ಕಾಣಬೇಕು? ಸೂಚನೆಯೆಂದರೆ ತಪ್ಪು ಮನುಷ್ಯನನ್ನು ಯಾಕೆ ತೋರಿಸಬೇಕು? ಅಕ್ಕ ಮುತ್ತೈದೆಯಾಗಿಯೇ ಹೋದಳು, ನಾನು ಬೇಡಿಕೊಂಡಂತೆ ಅವಳ ಕುಂಕುಮ ಉಳಿಯಿತು. ಅವಳನ್ನು ಉಳಿಸು ಎಂದು ಬೇಡಿಕೊಳ್ಳಲು ನನಗೆ ಹೊಳೆದೇ ಇರಲಿಲ್ಲ.

ಎರಡನೇ ವರ್ಷದ ತಿಥಿಗೆ ಹೋಗಿದ್ದಾಗ, ಊಟವಾದ ಮೇಲೆ ಬಾವ ಜಗಲಿಯಲ್ಲಿ ನನ್ನ ಪಕ್ಕ ಬಂದು ಕುಳಿತರು. ಸಿಟ್ಟಿನಿಂದೇನೂ ಅಲ್ಲ, ಮಾಮೂಲಿ ಮಾತಿನಂತೆ ಕೇಳಿದರು.

"ಅವತ್ತು ಪೋನ್ನಾಗೆ ಸದ್ಯ ಅಂದ್ಯಲ್ಲಪ್ಪ, ಏನು ಸದ್ಯ?"

ಬಸ್ಸಿಗೆ ಹೊತ್ತಾಯಿತು ಬಾವ ಎಂದು ನಾನು ಚಪ್ಪಲಿ ಹುಡುಕತೊಡಗಿದೆ. ಅವರು ಎದ್ದು ಒಳಗೆ ಹೋದರು.