ಅತ್ತಿಗೆಗೆ ನಾನೇ ದುಭಾಷಿ

ಗಡಿನಾಡಿನ ಕುಟುಂಬ ಸಮಾಲೋಚನಾ ಕೇಂದ್ರಕ್ಕೆ ಕನ್ನಡಿಗರೂ ಬರುತ್ತಾರೆಂದು ಗೊತ್ತಿದ್ದೂ ಕನ್ನಡ ಬಲ್ಲ ಒಬ್ಬ ಆಪ್ತಸಮಾಲೋಚಕರನ್ನು ನೇಮಿಸದ ಅಧಿಕಾರಿಗಳೇ ಅಂದು ಜೊತೆಗೆ ಹೋಗಿದ್ದ ನನ್ನನ್ನು ಅತ್ತಿಗೆಯ ದುಭಾಷಿಯಾಗಿ ಕೂರಿಸಿದವರು. ಸಂಸಾರ ಉಳಿಸಿಕೊಳ್ಳುವ ಮನಸ್ಸಿನಿಂದಲೇ ಅಣ್ಣ, ಅತ್ತಿಗೆ ಬದಿಯಡ್ಕದಿಂದ ಒಂದೇ ಬಸ್ಸಿನಲ್ಲಿ ಬಂದಿದ್ದರು. ಅಣ್ಣನನ್ನು ಹೊರಗೆ ಕಳುಹಿಸಿದ ಸಮಾಲೋಚಕಿ, ಗಂಡನಿಗೆ ಹೇಳಲಾಗದ ನೋವೇನಾದರೂ ಇದೆಯೇ ಎಂದು ಮಲಯಾಳದಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅತ್ತಿಗೆ ನನ್ನತ್ತ ತಿರುಗಿದರು.

“ಗಂಡನ ತಂಗಿಯ ಹತ್ರ ಅದನ್ನೆಲ್ಲ ಹೇಗೆ ಹೇಳುವುದು ಮಾರಾಯ್ತಿ? ಎಂತ ಇಲ್ಲ ಅಂತ ಹೇಳು.”

ನಾನು ಹಾಗೆಯೇ ಹೇಳಿಬಿಟ್ಟೆ. ಮೂರು ತಿಂಗಳಲ್ಲಿ ಪೆರ್ಲದ ತವರಿಗೆ ಹೋದ ಅತ್ತಿಗೆ ಮರಳಲಿಲ್ಲ.

ಎದ್ದು ಹೊರನಡೆಯದೆ ಅನುವಾದಿಸಿದ ಪಶ್ಚಾತ್ತಾಪ ನನ್ನದು. ಮನೆಯವರೆದುರು ಆಡಲಾಗದ ಮಾತಿಗೆಂದೇ ಇರುವ ಕೋಣೆಯಲ್ಲಿ ಮನೆಯವರನ್ನೇ ಕೂರಿಸಿದ್ದೇಕೆಂದು ಸಂಬಂಧಪಟ್ಟವರು ಲಿಖಿತವಾಗಿ ಉತ್ತರಿಸಬೇಕು, ಕನ್ನಡ ಬಲ್ಲ ಸಮಾಲೋಚಕರನ್ನು ಕೂಡಲೇ ನೇಮಿಸಬೇಕು ಎಂದು ವಿನಂತಿಸುತ್ತೇನೆ.