ಬರಣಿಯೊಳಗಿನ ಹಸಿರು ಗರಿ

ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ಮದುವೆಯಾಗಿ ಹಳಿಯಾಳಕ್ಕೆ ಬಂದ ಮೊದಲ ವರ್ಷ ನನಗೆ ಮಧ್ಯಾಹ್ನದ ನಿದ್ದೆಯಲ್ಲೂ ಕಡಲು ಕೇಳಿಸುತ್ತಿತ್ತು. ಅಪ್ಪನ ಅಂಗಡಿ ಇದ್ದದ್ದು ಕಾರವಾರದ ಪೇಟೆಯಲ್ಲಿ. ಹುಟ್ಟಿದಾಗಿನಿಂದ ಅಲೆಯ ಸದ್ದಿನಲ್ಲೇ ಮಲಗಿದವಳು ನಾನು. ಎಚ್ಚರವಾಗಿ ಕಿವಿಗೊಟ್ಟರೆ ಅದು ಹಿತ್ತಲಿನ ಬಿದಿರುಮೆಳೆಯ ಗಾಳಿ. ಗಾಳಿಯ ಮೇಲೂ ನನಗೆ ಸಿಟ್ಟು ಬರುತ್ತಿತ್ತು. ಗಂಡ ದಾಂಡೇಲಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ ಮತ್ತು ನಾನು.

ದೀಪಾವಳಿಗೆ ತವರಿಗೆ ಹೋದವಳು ಮರಳುವಾಗ, ಕಡಲಬಂಡೆಯ ಹೊಂಡದಲ್ಲಿ ಬೆಳೆದಿದ್ದ ಒಂದು ಹಸಿರು ಪಾಚಿಯನ್ನು ಅಂಟಿದ ಕಲ್ಲಿನ ಸಮೇತ ಗಾಜಿನ ಬರಣಿಗೆ ಹಾಕಿ, ಕಡಲ ನೀರು ತುಂಬಿ, ಅಣಶಿ ಘಾಟಿನುದ್ದಕ್ಕೂ ಬಸ್ಸಿನಲ್ಲಿ ಮಡಿಲಲ್ಲೇ ಹಿಡಿದು ತಂದೆ. ಗಿಳಿಯ ಗರಿಯಂಥ ಎಲೆಗಳು. ಅದರ ಹೆಸರು ಕಾಲರ್ಪಾ ಎಂದೂ, ಎಷ್ಟು ಗರಿ ಬಿಟ್ಟರೂ ಇಡೀ ಗಿಡ ಒಂದೇ ಜೀವಕೋಶವೆಂದೂ ಎಷ್ಟೋ ವರ್ಷಗಳ ಮೇಲೆ ಕಾಲೇಜು ಓದುತ್ತಿದ್ದ ಮಗಳು ಹೇಳಿದಳು. ಆಗ ನನಗೆ ಅದು ನಮ್ಮೂರು, ಅಷ್ಟೇ.

ಪಡಸಾಲೆಯ ಕಿಟಕಿಯಲ್ಲಿಟ್ಟೆ. ಇಳಿಹೊತ್ತಿನ ಬಿಸಿಲು ಬರಣಿಯನ್ನು ಹಾದು ಗೋಡೆಯ ಮೇಲೆ ಹಸಿರಾಗಿ ಅಲುಗುತ್ತಿತ್ತು. ಅದರ ಕೆಳಗೆ ಚಾಪೆ ಹಾಸಿ ಮಲಗಿದರೆ ಮನೆ ಮೆಲ್ಲಗೆ ನೀರೊಳಗೆ ಇಳಿಯುತ್ತಿತ್ತು; ಜೋಳದ ಚೀಲ, ಗೂಟದ ಛತ್ರಿ, ನಾನು, ಎಲ್ಲ ತೇಲುತ್ತಿದ್ದೆವು. ಅದಿಲ್ಲದಿದ್ದರೆ ನಾನು ಆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಖರೆ ಹೇಳುತ್ತೇನೆ.

ಅತ್ತೆ ಕಡಲು ಕಂಡವರಲ್ಲ. ದಿನಾ ಲಿಂಗಪೂಜೆಗೆ ಮೊದಲು ಮನೆಯಲ್ಲಿದ್ದ ನಿನ್ನೆಯ ನೀರನ್ನೆಲ್ಲ ಚೆಲ್ಲಿ, ಬಾವಿಯಿಂದ ಹೊಸ ನೀರು ತುಂಬುವುದು ಅವರ ರೂಢಿ. ಬರಣಿ ನನ್ನದೆಂದು ಎಂಟು ದಿನ ಮುಟ್ಟಲಿಲ್ಲ. ಒಂಬತ್ತನೆಯ ದಿನ ಮನಸ್ಸು ತಡೆಯಲಿಲ್ಲ. ನಾನೆದ್ದು ಬರುವಷ್ಟರಲ್ಲಿ ಅದಕ್ಕೂ ಸಿಹಿನೀರು ತುಂಬಿಟ್ಟಿದ್ದರು. ಸಂಜೆಗೆ ಗರಿಗಳು ಬಿಳಿಚಿ ಜೋತುಬಿದ್ದವು.

“ಪಾಪ, ತಂಗಳ ನೀರಾಗ ಇತ್ತಲ್ಲ ಅಂತ ಚೆಲ್ಲೀನಿ ತಂಗಿ,” ಎಂದರು ಅತ್ತೆ.

“ಅದು ಉಪ್ಪುನೀರಿನ ಜೀವರಿ. ನೀವು ಕೊಂದ್ರಿ,” ಎಂದೆ. ನನ್ನ ಬಾಯಿ ಅಲ್ಲಿಗೇ ನಿಲ್ಲಲಿಲ್ಲ. ನಾಳೆ ಬೆಳಗಿನ ಬಸ್ಸಿಗೆ ತವರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದು ಹೇಳಿ ಟ್ರಂಕು ತುಂಬಿದೆ.

ಬೆಳಗ್ಗೆ ಟ್ರಂಕು ಹಿಡಿದು ಪಡಸಾಲೆಗೆ ಬಂದರೆ ಅತ್ತೆ ಕಿಟಕಿಯ ಬಳಿ ಕೂತಿದ್ದರು, ಮಗ್ಗುಲಲ್ಲಿ ಉಪ್ಪಿನ ಗಡಿಗೆ. ಬರಣಿಗೆ ಒಂದು ಹರಳು ಹಾಕುವರು, ಕದಡುವರು, ಬೆರಳದ್ದಿ ನಾಲಿಗೆಗೆ ಹಚ್ಚಿಕೊಳ್ಳುವರು. ಪೂಜೆ ಇನ್ನೂ ಆಗಿರಲಿಲ್ಲ. ಜ್ವರ ಬಂದಾಗಲೂ ಪೂಜೆಗೆ ಮೊದಲು ಹನಿ ನೀರು ಬಾಯಿಗೆ ಸೋಕಿಸದ ಹೆಂಗಸು.

“ನೀ ಕಡಲ ದಂಡ್ಯಾಗ ಬೆಳದಾಕಿ. ನನಗೇನು ತಿಳೀತೈತಿ?” ಎಂದು ಬರಣಿಯನ್ನು ನನ್ನತ್ತ ಚಾಚಿದರು. “ನೋಡು, ಇಷ್ಟ ಉಪ್ಪು ಸಾಕೇನು?”

ಗರಿ ಸತ್ತಿತ್ತು. ನನಗದು ಗೊತ್ತಿತ್ತು. ಟ್ರಂಕು ಕೆಳಗಿಟ್ಟು ಬೆರಳದ್ದಿ ರುಚಿ ನೋಡಿದೆ.

“ಇನ್ನೊಂದ್ ಹರಳು ಬೇಕ್ರಿ,” ಎಂದು ಅವರ ಪಕ್ಕದಲ್ಲಿ ಕೂತೆ.